ಹಸಿರು ಮುಚ್ಚಳದ ಕೆಮ್ಮಿನ ಪುಡಿ

ಆ ಮನೆಯ ಮುಂಗೋಣೆಯೇ ಔಷಧಿ ಅಂಗಡಿ. ಹತ್ತೊಂಬತ್ತು ವರ್ಷದಿಂದ ಬೇರು ತೊಳೆದು, ಒಣಗಿಸಿ, ಪುಡಿ ಮಾಡಿ ಸೀಸೆಗೆ ತುಂಬಿದವಳು ದೊಡ್ಡ ಸೊಸೆ. ಮೂರು ವರ್ಷದ ಹಿಂದೆ ಬಂದ ಚಿಕ್ಕ ಸೊಸೆಯೂ ಅದೇ ಜ್ಯೇಷ್ಠಮಧು, ಅದೇ ಒಣಶುಂಠಿ ಸೇರಿಸಿ ಕೆಮ್ಮಿನ ಪುಡಿ ಮಾಡಿದಳು, ಹಸಿರು ಮುಚ್ಚಳದ ಸೀಸೆಯಲ್ಲಿಟ್ಟಳು. ಅಂದಿನಿಂದ ಬಂದವರೆಲ್ಲ ಹಸಿರು ಮುಚ್ಚಳವನ್ನೇ ಕೇಳತೊಡಗಿದರು.

ಪಕ್ಕದ ಬೀದಿಯ ಮೇಷ್ಟ್ರಂತೂ ಒಂದು ದಿನ, "ನಿಮ್ಮ ವಾರಗಿತ್ತಿ ಕೈಗುಣ ದೊಡ್ಡದಮ್ಮ, ಎರಡೇ ದಿನಕ್ಕೆ ಕೆಮ್ಮು ನಿಂತುಹೋಯ್ತು" ಎಂದರು. ದೊಡ್ಡವಳು ನಕ್ಕಳು. ಅವರು ಹೋದಮೇಲೆ ಹಸಿರು ಮುಚ್ಚಳದ ಸೀಸೆಯೊಂದನ್ನು ಮೇಜಿನ ಮೇಲೆ ಕುಕ್ಕಿದಳು. ನಿನ್ನೆ ಮೊನ್ನೆ ಬಂದವಳಿಗೆ ಎಂಥ ಕೈಗುಣ!

ಮರುದಿನ ಅವಳು ಯಾರಿಗೂ ಹೇಳದೆ ಒಂದು ಹಸಿರು ಮುಚ್ಚಳದ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಲ್ಯಾಬಿಗೆ ಕೊಟ್ಟುಬಂದಳು. ಏನಾದರೊಂದು ಹುಳುಕು ಸಿಗಲಿ ಎಂದು ಒಂದು ವಾರ ಕಾದಳು.

ಸಿಕ್ಕಿತು. "ಇರಬಹುದಾದ್ದಕ್ಕಿಂತ ನೂರು ಪಟ್ಟು ಬ್ಯಾಕ್ಟೀರಿಯಾ ಇದೆ. ಮಲದಿಂದ ಬರೋ ಜಾತಿಯದ್ದೂ ಇದೆ" ಎಂದಳು ಲ್ಯಾಬಿನವಳು. "ಬೇರು ನಾರು ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ಮಕ್ಕಳಿಗಂತೂ ಕೊಡಲೇಬೇಡಿ."

ಮನೆಗೆ ಬರುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಅತ್ತೆಯೂ ಚಿಕ್ಕವಳೂ ಊಟಕ್ಕೆ ಕೂತಿದ್ದರು. ತಟ್ಟೆಯ ಪಕ್ಕದಲ್ಲೇ ಲ್ಯಾಬಿನ ಕಾಗದ ಇಟ್ಟಳು.

ಚಿಕ್ಕವಳು ಓದಿದಳು. "ಸೀಸೆ ಮೇಲೆ ಯಾವ ತಾರೀಖು ಇತ್ತಕ್ಕಾ?"

"ಹದಿನೆಂಟು."

ಚಿಕ್ಕವಳು ಅತ್ತೆಯ ಕಡೆ ನೋಡಿದಳು. ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ ದೊಡ್ಡವಳ ಕಡೆ ತಿರುಗಿದರು. "ಅದು ನಿನ್ನ ಪುಡಿ ಕಣೇ. ಆ ವಾರ ಇವಳು ತವರಲ್ಲಿದ್ದಳು. ಇವಳ ಪುಡಿ ಮುಗಿದಿತ್ತು. ಜನ ಕೇಳ್ತಿದ್ದರು, ನಿನ್ನ ಡಬ್ಬದಿಂದ ನಾನೇ ತುಂಬಿದೆ. ಕೇಳಿದ್ದರೆ ಕೊಡ್ತಿದ್ದೆಯಾ ನೀನು?"

ದೊಡ್ಡವಳ ಬಾಯಿಂದ ಮೊದಲು ಬಂದದ್ದು ಬೇರೆಯೇ ಮಾತು. "ಮೇಷ್ಟ್ರು ತಗೊಂಡಿದ್ದೂ ಅದೇನಾ?"

"ಅದೇ."

ಹಾಗಾದರೆ ಆ ಕೈಗುಣ ತನ್ನದು. ಒಂದು ಕ್ಷಣ ಎದೆ ಉಬ್ಬಿತು, ನಾಚಿಕೆಗೇಡು ಅನ್ನಿಸಿದರೂ ಉಬ್ಬಿತು. ಅಷ್ಟರಲ್ಲಿ ಚಿಕ್ಕವಳು ಕೈತೊಳೆದು ಚಪ್ಪಲಿ ಮೆಟ್ಟುತ್ತಿದ್ದಳು. "ಅವರ ಮನೇಲಿ ಕೂಸಿದೆ ಅಕ್ಕಾ, ನಡೀರಿ."

ಮೇಷ್ಟ್ರ ಮನೆಯಲ್ಲಿ ಕೂಸಿಗೂ ಚಿಟಿಕೆ ಪುಡಿ ನೆಕ್ಕಿಸಿದ್ದರಂತೆ. ನಾಲ್ಕು ದಿನ ಭೇದಿಯಾಗಿ, ಡಾಕ್ಟರ ಹತ್ತಿರ ಹೋಗಿ, ಈಗಷ್ಟೇ ಚೇತರಿಸಿಕೊಂಡು ಮಲಗಿತ್ತು. ಪುಡಿಯ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

"ತಪ್ಪು ನಮ್ಮದು" ಎಂದು ಚಿಕ್ಕವಳು ಶುರುಮಾಡಿದಳು.

ಆ 'ನಮ್ಮದು' ದೊಡ್ಡವಳಿಗೆ ಚುಚ್ಚಿತು. ಇದರಲ್ಲೂ ಇವಳೇ ದೊಡ್ಡವಳಾಗಬೇಕೆ? "ನಮ್ಮದಲ್ಲ ಮೇಷ್ಟ್ರೇ, ನನ್ನದು. ಪುಡಿ ಮಾಡಿದ್ದು ನಾನು" ಎಂದಳು. ಮೇಷ್ಟ್ರು ಒಳಗೆ ಹೋದರು. ಸೀಸೆ ತಂದು ಅವಳ ಕೈಗೇ ಕೊಟ್ಟರು.

ಸಂಜೆಯೊಳಗೆ ಮನೆಮನೆ ತಿರುಗಿ ಹನ್ನೊಂದು ಸೀಸೆ ವಾಪಸು ತಂದರು. ದೊಡ್ಡವಳ ಡಬ್ಬದಲ್ಲಿದ್ದುದನ್ನೂ ಗುಂಡಿ ತೋಡಿ ಹೂತರು.

ಅಂಗಳದ ನೆಲದಲ್ಲಿ, ಪಾರಿವಾಳ ಓಡಾಡುವ ಕಡೆ ಬೇರು ಹರವಿ, ಅರೆಬರೆ ಒಣಗಿದ್ದನ್ನೇ ದೊಡ್ಡವಳು ಇಷ್ಟು ವರ್ಷ ಪುಡಿ ಮಾಡುತ್ತಿದ್ದಳು. ಚಿಕ್ಕವಳು ತೆಳ್ಳಗೆ ಹೆಚ್ಚಿ, ಎತ್ತರದ ಜಾಲರಿಯ ಮೇಲೆ ಒಣಗಿಸಿ, ತೂಕ ಇಳಿಯುವುದು ನಿಂತ ಮೇಲಷ್ಟೇ ಪುಡಿ ಮಾಡುವವಳು. ದೊಡ್ಡವಳು ಪಕ್ಕದಲ್ಲಿ ಕೂತು ಎಲ್ಲ ಕಲಿತಳು. ಮುಂದಿನ ಪುಡಿ ಲ್ಯಾಬಿನಲ್ಲಿ ಪಾಸಾಯಿತು.

ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ. ಬೇರು ಹೆಚ್ಚುವಾಗ ಚಿಕ್ಕವಳ ಹೋಳಿಗಿಂತ ತನ್ನ ಹೋಳು ತೆಳ್ಳಗಿದೆಯೇ ಎಂದು ಇವತ್ತಿಗೂ ಓರೆಗಣ್ಣಲ್ಲಿ ನೋಡುತ್ತಾಳೆ.