ಬಾಯಿ ಮುಚ್ಚಿಸಿದ ಫೋನು

ನನ್ನ ಮೈದುನನದು ಸುಮ್ಮನಿರುವ ಕೈಯಲ್ಲ. ಹಗಲೆಲ್ಲ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣದ ಡಬ್ಬ ಮಾರುತ್ತಾನೆ, ಮನೆಗೆ ಬಂದರೆ ವಿಜ್ಞಾನಿ. ಆ ಹೆಸರಿಟ್ಟವಳು ನಾನೇ. ಚುಚ್ಚಲೆಂದು ಇಟ್ಟಿದ್ದೆ, ಅವನು ಹೊಗಳಿಕೆ ಅಂದುಕೊಂಡ. ಮುಂದಿನ ಕೋಣೆಯ ಫ್ಯಾನಿನ ರೆಗ್ಯುಲೇಟರ್ ರಿಪೇರಿ ಮಾಡಿದ ಮೇಲೆ ಅದಕ್ಕಿರುವುದು ಒಂದೇ ವೇಗ. ಅದರ ಕೆಳಗೆ ಕೂತು ಪರದೆ ಹೊಲಿಯುವವಳು ನಾನು. ಬಟ್ಟೆ ಹಾರದಿರಲಿ ಎಂದು ಕತ್ತರಿ, ಇಸ್ತ್ರಿಪೆಟ್ಟಿಗೆ, ಕೈಗೆ ಸಿಕ್ಕಿದ್ದನ್ನೆಲ್ಲ ಅದರ ಮೇಲೆ ಹೇರಿಕೊಂಡು ಕೂರಬೇಕು. ಇಷ್ಟು ಗೊತ್ತಿದ್ದೂ ಅವನ ಕೈಗೆ ನನ್ನ ಫೋನು ಕೊಟ್ಟೆ.

ನನ್ನ ಮಗಳಿಗೆ ಸಕ್ಕರೆ ಕಾಯಿಲೆ. ಮಕ್ಕಳಿಗೂ ಬರುತ್ತದಾ ಎಂದು ಕೇಳುವವರಿಗೆ ಉತ್ತರ ಹೇಳಿ ಸಾಕಾಗಿದೆ, ಬರುತ್ತದೆ. ಇನ್ಸುಲಿನ್ ತೆಗೆದುಕೊಂಡ ಮೇಲೆ ಆಟ ಜಾಸ್ತಿಯಾದರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಯಾರೂ ನೋಡದಿದ್ದರೆ ಮಗು ಪ್ರಜ್ಞೆ ತಪ್ಪುತ್ತದೆ, ಜೀವಕ್ಕೇ ಕುತ್ತು ಬರುತ್ತದೆ. ಮೊದಲೆಲ್ಲ ಮತ್ತೆ ಮತ್ತೆ ಬೆರಳು ಚುಚ್ಚಿ ನೋಡುತ್ತಿದ್ದೆ. ಅವಳ ಬೆರಳ ತುದಿಗಳು ನನ್ನವುಗಳ ಹಾಗೇ ಒರಟಾಗಿದ್ದವು. ನನ್ನದು ಸೂಜಿಯ ಕಸುಬು, ಅವಳದೇನು ಕರ್ಮ? ಆಮೇಲೆ ತೋಳಿಗೆ ಅಂಟಿಸುವ ಬಿಲ್ಲೆ ಬಂತು. ಸಕ್ಕರೆ ಎಷ್ಟಿದೆ ಎಂದು ಅದು ನನ್ನ ಫೋನಿಗೆ ಹೇಳುತ್ತದೆ. ಇಳಿದರೆ ಫೋನು ಬೀದಿಗೆ ಕೇಳುವಂತೆ ಕಿರುಚಿಕೊಳ್ಳುತ್ತದೆ. ಅವಳ ಬೆರಳುಗಳು ನಿಧಾನಕ್ಕೆ ಮೆತ್ತಗಾದವು.

"ಅತ್ತಿಗೆ, ನಿಮ್ಮ ಫೋನು ಎತ್ತಿನಗಾಡಿ ಆಗೋಗಿದೆ. ಕೊಡಿ ಇಲ್ಲಿ, ರೂಟ್ ಮಾಡಿಕೊಡ್ತೀನಿ," ಅಂದ ವಿಜ್ಞಾನಿ.

"ಹಾಗಂದ್ರೆ?"

"ಕಂಪನಿಯವರು ಒಳಗೆ ಬೀಗ ಹಾಕಿಟ್ಟಿರ್ತಾರೆ. ಅದನ್ನ ಒಡೆದು, ಅವರ ರಿಕವರಿ ಅನ್ನೋ ರಿಪೇರಿ ಸಾಫ್ಟ್‌ವೇರ್ ತೆಗೆದು ನಮ್ಮದು ಹಾಕಿದ್ರೆ ಫೋನು ಪೂರ್ತಿ ನಮ್ಮ ಕೈಲಿ. ಬೇಡದ್ದನ್ನೆಲ್ಲ ಕಿತ್ತು ಬಿಸಾಕಬಹುದು."

"ಪಾಪು ಬಿಲ್ಲೆಯ ಆಪ್‌ಗೆ ಏನೂ ಆಗಬಾರದು ನೋಡು."

"ಅಯ್ಯೋ, ನಾನೇನು ಚಿಕ್ಕ ಮಗುನಾ ಅತ್ತಿಗೆ?"

ಫೋನು ವಾಪಸ್ಸು ಬಂದಾಗ ಅದರಲ್ಲಿ ನನ್ನದೆನ್ನುವುದು ಏನೂ ಇರಲಿಲ್ಲ. ಮಗಳ ಫೋಟೋ, ಗಿರಾಕಿಗಳ ಕಿಟಕಿ ಅಳತೆ, ಎಲ್ಲ ಗುಡಿಸಿಹೋಗಿತ್ತು. ಬೀಗ ಒಡೆದರೆ ಹಾಗೆಯೇ ಅಂತೆ. ಮೊದಲೇ ಹೇಳಲು ಇವನಿಗೆ ಬಾಯಿ ಬಿದ್ದುಹೋಗಿತ್ತಾ? ಬಿಲ್ಲೆಯ ಆಪ್ ಮತ್ತೆ ಹಾಕಿದರೆ ಅದು ತೆರೆಯಲೇ ಇಲ್ಲ. ಈ ಫೋನಿನ ಭದ್ರತೆ ಮುರಿದಿದೆ, ಇದರಲ್ಲಿ ಕೆಲಸ ಮಾಡುವುದಿಲ್ಲ ಎಂದು ಕೆಂಪಕ್ಷರದಲ್ಲಿ ತೋರಿಸಿತು. ನಾನು ಮನೆ ಎಗರಿಹೋಗುವಂತೆ ಕೂಗಾಡಿದೆ.

"ಅದಕ್ಕೂ ಮದ್ದಿದೆ, ಇರಿ," ಎಂದು ಅವನು ಮತ್ತೆ ಕೂತ. ಏನೇನೋ ಒತ್ತಿದ. "ಫೋನಿನ ಬೀಗ ಒಡೆದೇ ಇಲ್ಲ ಅಂತ ಆ ಆಪನ್ನ ನಂಬಿಸಿಬಿಟ್ಟೆ. ಈಗ ನೋಡಿ."

ಕೆಂಪಕ್ಷರ ಹೋಗಿ ನಂಬರ್ ಬಂತು. ಅವತ್ತು ಅವನಿಗೆ ಟೀ ಬೇರೆ ಮಾಡಿಕೊಟ್ಟೆ. ಆ ಟೀ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮುಂದಿನ ರಜೆಯ ದಿನ ಮಗಳು ಬೆಳಿಗ್ಗೆಯೆಲ್ಲ ಮಹಡಿ ಮೇಲೆ ಹಗ್ಗದಾಟ ಆಡಿದಳು. ಆಮೇಲೆ ಕೆಳಗೆ ಬಂದು, "ಅಮ್ಮ, ನಿದ್ದೆ ಬರ್ತಿದೆ," ಎಂದು ಪರದೆ ಬಟ್ಟೆಯ ರಾಶಿಯ ಮೇಲೆ ಒರಗಿದಳು. ಫೋನು ನೋಡಿದೆ: 118. ಚೆನ್ನಾಗಿದೆ ಎಂದುಕೊಂಡು ಮಿಷನ್ ತುಳಿದೆ. ಒಂದು ಪರದೆ ಮುಗಿಸಿ ನೋಡಿದೆ: 118. ಇನ್ನೊಂದಕ್ಕೆ ಅಂಚು ಮಡಿಸುತ್ತಾ ನೋಡಿದೆ: 118. ಮಿಷನ್ ಬಿಟ್ಟು ಎದ್ದೆ. ಆ ನಂಬರ್ ಎಂದೂ ಅಷ್ಟು ಹೊತ್ತು ನಿಂತಲ್ಲೇ ನಿಂತದ್ದಿಲ್ಲ.

ಅವಳ ಕತ್ತು, ಹಣೆ ಬೆವೆತು ತೊಪ್ಪೆಯಾಗಿತ್ತು. ಫ್ಯಾನು ಅಷ್ಟು ಜೋರಾಗಿ ತಿರುಗುವ ಕೋಣೆಯಲ್ಲಿ! ಅಲುಗಾಡಿಸಿದೆ. ಕಣ್ಣು ಅರ್ಧ ಬಿಟ್ಟು, "ಬಸ್ಸಿಗೆ ಹೇಳು, ಬಟ್ಟೆ ಒದ್ದೆ," ಎಂದು ಏನೋ ತೊದಲಿದಳು. ಬೀರುವಿನಿಂದ ಹಳೇ ಸೂಜಿ-ಮೀಟರಿನ ಡಬ್ಬಿ ತೆಗೆದು ಬೆರಳು ಚುಚ್ಚಿ ನೋಡಿದೆ. 41. ಅವಳನ್ನು ಎತ್ತಿ ಕೂರಿಸಿ, ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ಅವಳು ಒಂದೊಂದು ಸಲ ನುಂಗುವವರೆಗೂ ನನ್ನ ಜೀವ ನನ್ನಲ್ಲಿರಲಿಲ್ಲ. ಕೊನೆಗೆ, "ಅಮ್ಮ, ಯಾಕೆ ಅಳ್ತಿದೀಯ?" ಎಂದು ಸರಿಯಾಗಿ ಕೇಳಿದಳು.

ಆಮೇಲೆ ಫೋನಿನಲ್ಲಿ ನಂಬರಿನ ಕೆಳಗೆ ಚಿಕ್ಕ ಅಕ್ಷರದಲ್ಲಿದ್ದ ಸಮಯ ಕಣ್ಣಿಗೆ ಬಿತ್ತು. ಆ 118 ಬೆಳಿಗ್ಗೆ ತಿಂಡಿ ಹೊತ್ತಿನ ಲೆಕ್ಕ. ಬಿಲ್ಲೆಗೂ ಫೋನಿಗೂ ಮಾತು ನಿಂತು ಅಷ್ಟು ಹೊತ್ತಾಗಿತ್ತು, ಅದನ್ನು ಹೇಳುವ ಕಿರುಚಾಟವೂ ಇರಲಿಲ್ಲ.

ಸಂಜೆ ವಿಜ್ಞಾನಿ ಬಂದು ಫೋನು ತಿರುವಿ ನೋಡಿದ. "ಓ, ಬ್ಯಾಟರಿ ತಿನ್ನುತ್ತೆ ಅಂತ ಹಿಂದೆ ಓಡೋ ಆಪ್‌ಗಳನ್ನೆಲ್ಲ ಮಲಗಿಸಿದ್ದೆ. ಇದೂ ಮಲಗಿಬಿಟ್ಟಿದೆ," ಅಂದ, ಯಾರದೋ ಮನೆಯ ವಿಷಯ ಎನ್ನುವಂತೆ.

"ಅದು ಮೊದಲೇ ಹೇಳಿತ್ತಲ್ಲೋ, ಇದರಲ್ಲಿ ಕೆಲಸ ಮಾಡಲ್ಲ ಅಂತ! ಅದರ ಬಾಯಿ ಮುಚ್ಚಿಸಿದವನು ನೀನು."

ನಮ್ಮತ್ತೆ ಮಗನ ಪಕ್ಕಕ್ಕೆ ಬಂದು ನಿಂತರು. "ಒಳ್ಳೇದಕ್ಕೆ ಅಂತ ಮಾಡ್ದ, ಏನೋ ಆಗೋಯ್ತು. ಮಗು ಚೆನ್ನಾಗಿದೆಯಲ್ಲ, ಇನ್ಯಾಕೆ ರಂಪ?"

"ಕೊಡಿ ಅತ್ತಿಗೆ, ಎರಡೇ ನಿಮಿಷ, ಸರಿ ಮಾಡ್ತೀನಿ."

ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಫೋನು ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಜಡಿದೆ. ಹಳೇ ಡಬ್ಬಿಯಿಂದ ಸೂಜಿ ತೆಗೆದು ಅವನ ಅಂಗೈಯಲ್ಲಿಟ್ಟೆ.

"ಬೇರೆ ಫೋನು ಬರೋವರೆಗೂ ಬೆರಳು ಚುಚ್ಚೋದೇ ಗತಿ. ಈಗ ನೋಡೋ ಹೊತ್ತು. ನೀನೇ ಚುಚ್ಚು."

"ಅತ್ತಿಗೆ, ನನ್ನ ಕೈಲಾಗಲ್ಲ."

"ಬೀಗ ಒಡೆಯೋ ಕೈ. ಆಗುತ್ತೆ."

ಮಗಳು ಬಂದು ಅವನೆದುರು ಕೂತು ಉಂಗುರದ ಬೆರಳು ಚಾಚಿದಳು. ಅವನು ಸೂಜಿಯನ್ನು ಬೆರಳ ತುದಿಯ ನಟ್ಟನಡುವಿಗೆ ತಂದ. ಮಗಳು ತನ್ನ ಇನ್ನೊಂದು ಕೈಯಿಂದ ಅವನ ಕೈ ಹಿಡಿದು ಸರಿಮಾಡಿದಳು.

"ಮಧ್ಯಕ್ಕೆ ಬೇಡ ಚಿಕ್ಕಪ್ಪ, ಪಕ್ಕಕ್ಕೆ ಚುಚ್ಚು. ಮಧ್ಯ ಚುಚ್ಚಿದ್ರೆ ಆಮೇಲೆ ಪೆನ್ಸಿಲ್ ಹಿಡಿಯೋಕೆ ನೋವಾಗುತ್ತೆ."

ಅವನು ಚುಚ್ಚಿದ. ಅವನ ಕಣ್ಣಲ್ಲಿ ನೀರು ಬಂತು. ನಾನು ಒಂಚೂರೂ ಕರಗಲಿಲ್ಲ.

"ಊಟಕ್ಕೆ ಮುಂಚೆ ಮತ್ತೆ ಬಾ," ಎಂದೆ.