ಸದ್ದು ಮಾಡುವ ಶೂ ಬೇಕು

ನನ್ನನ್ನು ಕಂಡವರು ಮೊದಲು ನನ್ನ ಹೊಟ್ಟೆ ನೋಡುತ್ತಾರೆ, ಆಮೇಲೆ ನೆಲ ನೋಡುತ್ತಾರೆ. ನೆಲ ತಡೆದೀತೋ ಇಲ್ಲವೋ ಎಂಬ ಚಿಂತೆ ಅವರಿಗೆ. ಅದಕ್ಕೆ ತಕ್ಕಂತೆ ನನ್ನ ಕೆಲಸವೂ ತೂಕದ್ದೇ. ಹೆದ್ದಾರಿ ಪಕ್ಕದ ವೇಬ್ರಿಜ್ಜಿನಲ್ಲಿ ಲಾರಿ ತೂಗುತ್ತೇನೆ. ಡ್ರೈವರುಗಳು ನನಗಿಟ್ಟ ಹೆಸರು ‘ಫುಲ್ ಲೋಡ್’. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಈಗ ಹಾಗೆ ಕೂಗದಿದ್ದರೆ ನಾನು ತಿರುಗಿಯೂ ನೋಡುವುದಿಲ್ಲ.

ಮನೆಯಲ್ಲಿ ಮಾತ್ರ ಕಳ್ಳನ ಹಾಗೆ ಓಡಾಡುತ್ತೇನೆ. ನಾವಿರುವುದು ಮೇಲಿನ ಮಹಡಿಯಲ್ಲಿ. ನಾನು ಒಂದು ಹೆಜ್ಜೆ ಜೋರಾಗಿ ಇಟ್ಟರೆ ಸಾಕು, ಕೆಳಮನೆ ಅಜ್ಜಿ ಕೋಲಿನಿಂದ ತಮ್ಮ ಸೂರಿಗೆ ಟಕಟಕ ಕುಟ್ಟುತ್ತಾರೆ. ಹಾಗಾಗಿ ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಹತ್ತುವುದು ನನ್ನ ಅಭ್ಯಾಸ. ಚಿಕ್ಕಂದಿನಲ್ಲಿ ಅಮ್ಮ ‘ಮೆಲ್ಲಗೆ ಕಾಲಿಡೋ’ ಎನ್ನುತ್ತಿದ್ದಳು, ಮದುವೆಯಾದ ಮೇಲೆ ಹೆಂಡತಿ ‘ಮೆತ್ತಗೆ ನಡೀರಿ’ ಎಂದಳು. ಜೀವಮಾನವಿಡೀ ನಾನು ಕಲಿತದ್ದು ಅದೊಂದೇ ವಿದ್ಯೆ.

ನಮಗೊಬ್ಬಳೇ ಮಗಳು. ಮನೆಯಲ್ಲಿ ಅವಳನ್ನು ಕರೆಯುವುದು ಚಿನಕುರುಳಿ ಎಂದು. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣುವುದಿಲ್ಲ. ಬಾಯಿಗೇನೂ ಕೊರತೆಯಿಲ್ಲ. ಓಟವೆಂದರೆ ಅವಳಿಗೆ ಪಂಚಪ್ರಾಣ. ಅವಳು ಓಡುವಾಗ ಪಕ್ಕದಲ್ಲಿ ಒಬ್ಬರು ಜೊತೆಗಾರರು ಓಡಬೇಕು. ಒಂದು ಗಿಡ್ಡ ಹಗ್ಗ, ಅದರ ಎರಡೂ ತುದಿಗೆ ಕುಣಿಕೆ, ಒಂದು ಇವಳ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಜೊತೆಗಾರರು ಎಳೆಯುವಂತಿಲ್ಲ, ಮುಂದೆ ನುಗ್ಗುವಂತಿಲ್ಲ, ಕೊನೆಯ ಗೆರೆಯನ್ನು ಅವಳೇ ಮೊದಲು ದಾಟಬೇಕು.

ಇಷ್ಟು ದಿನ ಶಾಲೆಯ ಪೀಟಿ ಮೇಷ್ಟ್ರು ಅವಳ ಜೊತೆ ಓಡುತ್ತಿದ್ದರು. ದೊಡ್ಡ ಪಾರ್ಕಿನ ಸುತ್ತ ಮಕ್ಕಳ ಓಟವಿದೆ, ಅದರಲ್ಲಿ ಓಡಿಯೇ ತೀರುತ್ತೇನೆಂದು ಇವಳು ತಿಂಗಳುಗಟ್ಟಲೆ ಬೆವರು ಹರಿಸಿದ್ದಳು. ಇನ್ನೇನು ಓಟ ಹತ್ತಿರ ಬಂತು ಎನ್ನುವಾಗ ಮೇಷ್ಟ್ರು ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡರು. ಜೊತೆಗಾರರಿಲ್ಲದೆ ಓಡಲು ಬಿಡುವುದಿಲ್ಲ ಎಂದು ಓಟ ನಡೆಸುವವರು ಖಡಾಖಂಡಿತ ಹೇಳಿಬಿಟ್ಟರು. ಅವತ್ತು ಇವಳು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು.

ಮರುದಿನ ಅವಳಮ್ಮ ತಾನೇ ಜೊತೆಗೆ ಓಡುತ್ತೇನೆಂದು ಸೆರಗು ಬಿಗಿದು ಅವಳನ್ನು ಕರೆದುಕೊಂಡು ಹೊರಟಳು. ಹೋದ ಹಾಗೇ ಇಬ್ಬರೂ ವಾಪಸ್ ಬಂದರು.

“ಅಮ್ಮ ಬೇಡ. ಬೆಕ್ಕಿನ ಥರ ಓಡ್ತಾಳೆ” ಎಂದಳು ಚಿನಕುರುಳಿ. “ನಂಗೆ ಅಪ್ಪನೇ ಬೇಕು.”

ಬಂದವಳೇ ಇಸ್ತ್ರಿಪೆಟ್ಟಿಗೆ ಹಿಡಿದಿದ್ದ ನನ್ನ ಹೆಂಡತಿ ಅದನ್ನು ಪಕ್ಕಕ್ಕಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇವರಾ? ಬಸ್ ಹೊರಟ್ರೂ ಓಡಲ್ಲ ಇವರು, ಇನ್ನೊಂದು ಬರುತ್ತೆ ಬಿಡು ಅಂತಾರೆ!”

ನಗಲಿ ಬಿಡಿ. ನನಗಂತೂ ಎದೆ ಉಬ್ಬಿಹೋಯಿತು. ಲೋಕದಲ್ಲಿ ಇಷ್ಟು ಜನರಿರುವಾಗ ನನ್ನ ಮಗಳು ಆರಿಸಿದ್ದು ನನ್ನನ್ನು! ಯಾಕೆ ಎಂದು ಕೇಳುವ ಬುದ್ಧಿ ಬರಲಿಲ್ಲ, ಆ ಸಂಭ್ರಮದಲ್ಲಿ ಯಾರಿಗೆ ಬರುತ್ತದೆ?

ಮಧ್ಯಾಹ್ನ ವೇಬ್ರಿಜ್ಜಿನ ಕ್ಯಾಬಿನ್ನಿಗೆ ಬೀಗ ಹಾಕಿ ಶೂ ಅಂಗಡಿಗೆ ಓಡಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗಿನವರೆಗೆ ಅಳೆದ. “ಸರ್, ನಿಮ್ಮ ಪರ್ಸನಾಲಿಟಿಗೆ ಮೆತ್ತಗಿರೋದೇ ಸರಿ” ಎನ್ನುತ್ತಾ ಒಂದು ಜೊತೆ ತಂದಿಟ್ಟ. ಕುರ್ಚಿಯಲ್ಲಿ ಕೂತು ಕಾಲು ತೂರಿಸಿದೆ. ಅಬ್ಬಬ್ಬಾ, ದಿಂಬಿನ ಮೇಲೆ ಕಾಲಿಟ್ಟ ಹಾಗಾಯಿತು. ಎದ್ದು ನಾಲ್ಕು ಹೆಜ್ಜೆ ಹಾಕಿದೆ. ಒಂದು ಚೂರೂ ಸದ್ದಿಲ್ಲ! ನಾನು ನಡೆದರೂ ಸದ್ದಿಲ್ಲ! ಇನ್ನೊಂದು ಜೊತೆ ತೋರಿಸುವುದೇ ಬೇಡ ಎಂದುಬಿಟ್ಟೆ.

ಸಂಜೆ ಅದನ್ನು ಹಾಕಿಕೊಂಡೇ ಮನೆಯೊಳಗೆ ಮೂರು ಸುತ್ತು ಬಂದೆ. ಕೆಳಗಿನ ಕೋಲು ಅಲುಗಲಿಲ್ಲ. ಅಡುಗೆಮನೆಯಲ್ಲಿದ್ದ ಹೆಂಡತಿಯ ಹಿಂದೆ ಹೋಗಿ ನಿಂತರೆ ಅವಳು ಬೆಚ್ಚಿಬಿದ್ದು ಸೌಟು ಬೀಳಿಸಿದಳು. ನನಗೆ ಸ್ವರ್ಗ ಮೂರೇ ಗೇಣು.

ಮರುದಿನ ಬೆಳಿಗ್ಗೆ ಪಾರ್ಕಿಗೆ ಹೋದೆವು. ಕುಣಿಕೆ ಹಿಡಿದು ಓಡಲು ಶುರುಮಾಡಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳ ಹೆಜ್ಜೆ ತಪ್ಪತೊಡಗಿತು. ಹಗ್ಗ ಒಮ್ಮೆ ಬಿಗಿಯಾಗುತ್ತಿತ್ತು, ಒಮ್ಮೆ ಜೋಲುತ್ತಿತ್ತು.

“ಅಪ್ಪಾ, ಓಡ್ತಿದ್ದೀಯೋ ನಿಂತಿದ್ದೀಯೋ?”

“ಓಡ್ತಿದ್ದೀನಮ್ಮ!”

ಅದೇ ಹೊತ್ತಿಗೆ ತಿರುವು ಬಂತು. ನನ್ನ ಭಾರಕ್ಕೆ ಆ ಮೆತ್ತನೆಯ ಅಟ್ಟೆ ಒಂದು ಕಡೆಗೆ ಕುಸಿದು ಪಾದ ಹೊರಳಿತು. ನಾನು ವಾಲಿದ್ದು ನೇರ ಅವಳ ಮೇಲೆ. ಇಬ್ಬರೂ ಬಿದ್ದೆವು. ಅವಳ ಮಂಡಿ ತರಚಿ ರಕ್ತ ಬಂತು. ಅವಳು ಅಳಲಿಲ್ಲ, ಹಗ್ಗವನ್ನು ಬಿಸಾಕಿ ನನ್ನ ಮೇಲೆ ಎಗರಿಬಿದ್ದಳು.

“ನಿನ್ನ ಸದ್ದೆಲ್ಲಿ ಹೋಯ್ತು?”

“ಯಾವ ಸದ್ದು?”

“ನಿನ್ನ ಕಾಲಿಂದು! ದಪ್ ದಪ್ ಅಂತಿತ್ತಲ್ಲ! ಹಗ್ಗದಿಂದ ನೀನು ಎಲ್ಲಿದ್ದೀಯ ಅಂತ ಗೊತ್ತಾಗುತ್ತೆ ಅಷ್ಟೇ. ನಾನು ಯಾವಾಗ ಕಾಲಿಡ್ಬೇಕು ಅಂತ ಗೊತ್ತಾಗೋದು ಸದ್ದಿಂದ. ಮೇಷ್ಟ್ರು ಬಾಯಲ್ಲಿ ಲೆಫ್ಟ್ ರೈಟ್ ಅಂತಿದ್ರು. ನಿಂಗೆ ಓಡ್ತಾ ಮಾತಾಡಕ್ಕೆ ಉಸಿರೆಲ್ಲಿದೆ? ನೀನು ಬಂದ್ರೆ ಬೀದಿ ತುದಿಯಿಂದ್ಲೇ ನಂಗೆ ಗೊತ್ತಾಗುತ್ತೆ. ಅದಕ್ಕೇ ಅಪ್ಪನೇ ಬೇಕು ಅಂದಿದ್ದು!”

ಹುಟ್ಟಿದಾಗಿನಿಂದ ನಾನು ಮುಚ್ಚಿಡುತ್ತಾ ಬಂದ ಸದ್ದಿಗೆ ಇವಳು ದಿನಾ ಕಿವಿಗೊಟ್ಟು ಕಾಯುತ್ತಿದ್ದಳು. ನನ್ನ ಮೇಲೆ ನನಗೇ ಸಿಟ್ಟು ಬಂತು. ಖಾಲಿ ನಿಂತ ಲಾರಿಯ ಟೈರು ನೋಡಿ ಚೆನ್ನಾಗಿದೆ ಎನ್ನಬೇಡಿ, ಲೋಡು ಹಾಕಿ ನೋಡಿ ಎಂದು ಡ್ರೈವರುಗಳಿಗೆ ದಿನಬೆಳಗಾದರೆ ಬೈಯುವವನು ನಾನು. ಅಂಥವನು ಕುರ್ಚಿಯಲ್ಲಿ ಕೂತು ಶೂ ಆರಿಸಿ ಬಂದಿದ್ದೆನಲ್ಲ!

ಈ ಸಲ ಶೂ ಅಂಗಡಿಗೆ ಸಂಜೆ ಹೋದೆವು. ಇಡೀ ದಿನ ನಿಂತು ಕಾಲು ಊದಿಕೊಂಡ ಹೊತ್ತಿನಲ್ಲಿ ಹಿಡಿಸಿದ ಶೂ ಓಡುವಾಗಲೂ ಹಿಡಿಸುತ್ತದೆ ಎಂಬುದು ನನ್ನ ಲೆಕ್ಕ. ಜೊತೆಗೆ ಚಿನಕುರುಳಿಯೂ ಇದ್ದಳು, ಮಂಡಿಗೆ ಪಟ್ಟಿ ಕಟ್ಟಿಕೊಂಡು.

“ಸದ್ದು ಮಾಡೋ ಶೂ ಕೊಡಿ ಅಂಕಲ್” ಎಂದಳು.

ಅಂಗಡಿಯವನು ತಲೆ ಕೆರೆದುಕೊಂಡ. “ಸದ್ದು ಬರುತ್ತೆ ಅಂತ ವಾಪಸ್ ಕೊಟ್ಟೋರನ್ನ ನೋಡಿದೀನಿ. ಸದ್ದೇ ಬೇಕು ಅಂತ ಬಂದೋರು ನೀವೇ ಮೊದಲು.”

ಆದರೂ ಪಾಪ, ಒಳಗಿನಿಂದ ಡಬ್ಬಗಳನ್ನು ಹೊತ್ತು ತಂದ. ನಾನು ಕೂರಲೇ ಇಲ್ಲ. ನಿಂತೇ ಲೇಸು ಕಟ್ಟಿ, ಅಂಗಡಿ ಮುಂದಿನ ಬೀದಿಯಲ್ಲಿ ದೀಪದ ಕಂಬದವರೆಗೆ ಓಡಿ ವಾಪಸ್ ಬಂದೆ. ಚಿನಕುರುಳಿ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು.

“ಥೂ, ಪಚ್ ಪಚ್ ಅಂತಿದೆ, ಒದ್ದೆ ಬಟ್ಟೆ ಕುಕ್ಕಿದ ಹಾಗೆ” ಎಂದಳು ಮೊದಲನೆಯದಕ್ಕೆ. ಹಿಮ್ಮಡಿಯ ಕೆಳಗಿನ ಮೆತ್ತೆ ನನ್ನ ಭಾರಕ್ಕೆ ಪೂರಾ ಚಪ್ಪಟೆಯಾಗುತ್ತಿತ್ತು.

ಎರಡನೆಯದಕ್ಕೆ ಹುಬ್ಬು ಗಂಟಿಕ್ಕಿದಳು. “ಹೋಗುವಾಗ ಸರಿ ಇತ್ತು. ಬರುವಾಗ ಎಡಗಾಲು ತಡವಾಗಿ ಬಿತ್ತು. ಎಲ್ಲೋ ಕಚ್ತಿದೆ, ಅಲ್ವಾ?”

ಕಿರುಬೆರಳು ನಿಜವಾಗಿಯೂ ಉರಿಯುತ್ತಿತ್ತು. ಅವಳ ಎದುರು ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಸಾಧ್ಯವೇ? ಬಿಚ್ಚಿದೆ. ಅಷ್ಟರಲ್ಲಿ ಪಕ್ಕದ ಔಷಧಿ ಅಂಗಡಿಯವನು ಹೊರಗೆ ಬಂದು ನಿಂತಿದ್ದ. ಎದುರಿನ ಕ್ಷೌರದಂಗಡಿಯಿಂದ ಅರ್ಧ ಕ್ಷೌರ ಮಾಡಿಸಿಕೊಂಡವನೂ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಬಂದ.

ಕೊನೆಗೆ ಒಂದು ಜೊತೆ ಬಂತು. ನೋಡಲು ಏನೇನೂ ಚೆಂದವಿಲ್ಲ. ಮುಂದೆ ಬೆರಳು ಹರಡಿಕೊಳ್ಳುವಷ್ಟು ಜಾಗ, ಅಗಲವಾದ ಅಡಿ, ಹೆಬ್ಬೆರಳಿನಿಂದ ಒತ್ತಿದರೆ ಒಂದಿಷ್ಟು ಮಾತ್ರ ಬಗ್ಗಿ ತಕ್ಷಣ ಎದ್ದು ಬರುವ ಅಟ್ಟೆ. ಹಿಡಿದು ತಿರುಚಿದರೂ ಜಗ್ಗಲಿಲ್ಲ. ಹಿಮ್ಮಡಿ ಅಲುಗಾಡದೆ ಕೂತಿತು. ಓಡಿದೆ. ಪಾದ ಹೊರಳಲಿಲ್ಲ, ಮಂಡಿ ನೋಯಲಿಲ್ಲ. ದಪ್, ದಪ್, ದಪ್, ದಪ್. ವಾಪಸ್ ಬರುವಾಗ ನೋಡುತ್ತೇನೆ, ಚಿನಕುರುಳಿ ಬಾಗಿಲಲ್ಲೇ ನಿಂತು ನನ್ನ ಹೆಜ್ಜೆಗೆ ಸರಿಯಾಗಿ ಕಾಲು ಕುಣಿಸುತ್ತಿದ್ದಾಳೆ!

“ಇದೇ! ಇದೇ ಅಪ್ಪಾ! ಇದೇ ನೀನು!” ಎಂದು ಕೂಗಿದಳು. ಅರ್ಧ ಕ್ಷೌರದವನು ಚಪ್ಪಾಳೆ ಹೊಡೆದ.

ಅಂದಿನಿಂದ ದಿನಾ ಬೆಳಿಗ್ಗೆ ಓಡಿದೆವು. ನಾನು ಏದುಸಿರು ಬಿಟ್ಟೆ, ಅವಳು ಬೈದಳು, ಮತ್ತೆ ಓಡಿದೆವು. ಓಟದ ದಿನ ಬಂದೇಬಿಟ್ಟಿತು. ಪಾರ್ಕಿನ ಸುತ್ತ ಜನವೋ ಜನ. ನಮ್ಮನ್ನು ನೋಡಿ ಯಾರೋ ನಕ್ಕರು, ಯಾರೋ ಫೋನು ಎತ್ತಿ ಹಿಡಿದರು. ನಾನು ಲೆಕ್ಕಿಸಲಿಲ್ಲ. ಒಂದೇ ಹೆಜ್ಜೆಯಲ್ಲಿ ನಾವಿಬ್ಬರೂ ತಿರುವುಗಳನ್ನೆಲ್ಲ ಕಳೆದೆವು. ಹಗ್ಗ ಒಮ್ಮೆಯೂ ಬಿಗಿಯಲಿಲ್ಲ. ಖುಷಿಗೆ ನನಗೆ ಕೂಗಬೇಕೆನಿಸುತ್ತಿತ್ತು, ಉಸಿರಿರಲಿಲ್ಲ ಅಷ್ಟೇ.

ಕೊನೆಯ ಗೆರೆ ಕಾಣುವ ಹೊತ್ತಿಗೆ ಎರಡೂ ಕಡೆಯ ಜನ ಒಮ್ಮೆಲೇ ಕೂಗತೊಡಗಿದರು. ಮೈಕು ಅರಚಿತು, ಯಾರೋ ತಟ್ಟೆ ಬಡಿದರು. ಇಷ್ಟೊಂದು ಕಣ್ಣು ನನ್ನ ಮೇಲೆ ಬಿದ್ದವೆಂದರೆ ಸಾಕು, ನನ್ನ ಕಾಲು ತಾನಾಗಿಯೇ ಮೆತ್ತಗಾಗುತ್ತದೆ. ಹಳೆಯ ಚಾಳಿ. ಪಕ್ಕದಲ್ಲಿ ಚಿನಕುರುಳಿ ತಡವರಿಸಿದಳು. ಅವಳ ವೇಗ ಇಳಿಯಿತು, ಖಾಲಿ ಕೈ ಗಾಳಿಯಲ್ಲಿ ತಡಕಾಡಿತು.

“ಅಪ್ಪಾ, ಕೇಳಿಸ್ತಿಲ್ಲ! ಜೋರಾಗಿ!”

ಜೋರಾಗಿ! ನನ್ನ ಇಡೀ ಜನ್ಮದಲ್ಲಿ ಒಬ್ಬರೂ ನನಗೆ ಹೀಗೆ ಹೇಳಿರಲಿಲ್ಲ. ಇದ್ದಬದ್ದ ತೂಕವನ್ನೆಲ್ಲ ಕಾಲಿಗೆ ಹಾಕಿ ಆ ರಸ್ತೆಯನ್ನು ತುಳಿದೆ. ದಪ್! ದಪ್! ದಪ್! ಜನ ನೋಡಿದರೆ ನೋಡಲಿ, ನಕ್ಕರೆ ನಗಲಿ, ರಸ್ತೆ ಒಡೆದರೆ ಒಡೆಯಲಿ! ಅವಳ ತಲೆ ಮೇಲೆದ್ದಿತು, ಹೆಜ್ಜೆ ಕೂಡಿತು. ಅವಳು ಎಷ್ಟು ಜೋರಾಗಿ ನುಗ್ಗಿದಳೆಂದರೆ, ಅವಳನ್ನು ಮುಂದೆ ಬಿಡಬೇಕೆಂಬ ನಿಯಮವನ್ನು ನಾನು ನೆನಪಿಸಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಗೆರೆ ದಾಟಿದವಳೇ ತಿರುಗಿ ನನ್ನ ಹೊಟ್ಟೆಯನ್ನು ಬಾಚಿ ತಬ್ಬಿಕೊಂಡಳು. ಎಷ್ಟನೆಯ ಸ್ಥಾನ ಬಂತೆಂದು ಕೇಳುವುದನ್ನು ಇಬ್ಬರೂ ಮರೆತೆವು. ನಾನು ಅಳುತ್ತಿದ್ದೆ, ಅದಕ್ಕೂ ಅವಳು ಬೈದಳು.

ಮನೆಗೆ ಬಂದಾಗ ಮೆಟ್ಟಿಲ ಬುಡದಲ್ಲಿ ಬಗ್ಗಿ ಲೇಸಿಗೆ ಕೈ ಹಾಕಿದೆ.

“ಏನ್ ಮಾಡ್ತಿದ್ದೀಯಾ?”

“ಶೂ ಬಿಚ್ತಿದ್ದೀನಿ. ಅಜ್ಜಿ ಮಲಗಿರ್ತಾರೆ.”

“ಇವತ್ತೊಂದಿನ ಹಾಕ್ಕೊಂಡೇ ಹತ್ತು. ನಾನು ಹಿಂದೆ ಬರ್ತೀನಿ.”

ಹತ್ತಿದೆ. ಒಂದೊಂದೇ ಮೆಟ್ಟಿಲು, ಪೂರ್ತಿ ಕಾಲು ಊರಿ. ದಪ್. ದಪ್. ಹಿಂದೆ ಅವಳ ಹೆಜ್ಜೆಯೂ ಅದೇ ತಾಳಕ್ಕೆ ಬೀಳುತ್ತಿತ್ತು. ನಡುವಿನ ತಿರುವು ಮುಟ್ಟುವಷ್ಟರಲ್ಲಿ ಕೆಳಮನೆಯ ಬಾಗಿಲು ದಡಾರೆಂದು ತೆರೆಯಿತು.

“ಯಾರದು ಹಾಗೆ ಸದ್ದು ಮಾಡೋದು?” ಎಂದು ಅಜ್ಜಿ ಗದರಿದರು.

ನಾನು ಅಭ್ಯಾಸಬಲದಿಂದ ಒಂಟಿ ಕಾಲಲ್ಲಿ ನಿಂತುಬಿಟ್ಟೆ. ಚಿನಕುರುಳಿ ಕಂಬಿ ಹಿಡಿದು ಕೆಳಗೆ ಬಾಗಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿ ಹೇಳಿದಳು.

“ನಮ್ಮಪ್ಪ!”