ನೀಲಿ ಕೈ

"ನೀನೇ ನೋಡ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ," ಎಂದು ಅತ್ತಿಗೆ ಸಂಗ್ರಹಾಲಯದ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಇಷ್ಟು ದೂರ ಬಂದಿದ್ದು ಮೆಟ್ಟಿಲು ಕಾಯೋಕಾ? ಏಳು ಅತ್ತಿಗೆ," ಎಂದಳು ನಾದಿನಿ.

ಹಿಂದೆ ಅದು ಬಟ್ಟೆ ಗಿರಣಿಯ ಉಗ್ರಾಣ. ಈಗ ಎರಡು ಕೋಣೆಗಳ ಚಿತ್ರ ಸಂಗ್ರಹಾಲಯ. ಕೂಲಿ ನುಂಗಿ ನೀರು ಕುಡಿದ ಮಾಲೀಕನ ಹೆಸರು ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಹೊಳೆಯುತ್ತಿತ್ತು. ಮುಷ್ಕರದ ಚಿತ್ರಗಳನ್ನು ಬರೆದ ಮಗ್ಗದ ಕೆಲಸಗಾರನಿಗೆ ಗೋಡೆಯ ಮೇಲೊಂದು ಚೀಟಿ ಸಿಕ್ಕಿತ್ತು, ಅಷ್ಟೇ.

ಅತ್ತಿಗೆಯ ಗಂಡ ಅದೇ ಗಿರಣಿಯಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದವನು. ಮುಷ್ಕರದ ನಡುವೆ ಒಂದು ಬೆಳಿಗ್ಗೆ ಅವನ ಕೈ ಮೊಣಕೈವರೆಗೂ ಹೊಸ ನೀಲಿ. ಕದ್ದು ಕೆಲಸಕ್ಕೆ ಹೋಗಿದ್ದಾನೆಂದು ಕೇರಿ ತೀರ್ಮಾನಿಸಿತು. ಅವನು ಬಾಯಿ ಬಿಡಲಿಲ್ಲ. ಸಾಯುವ ತನಕ 'ಮಾಲೀಕನ ಬಾಲ' ಅನ್ನಿಸಿಕೊಂಡ. ಆ ಹೆಸರಿಟ್ಟವನು, ದೊಡ್ಡ ಗಂಟಲಿಗೆ ಕೇರಿಯವರು 'ಸೈರನ್' ಎಂದೇ ಕರೆಯುತ್ತಿದ್ದ ನೆರೆಯವನು. ತನ್ನೆದುರು ಅಂದವರ ಬಾಯಿಯನ್ನು ಅತ್ತಿಗೆ ಮುಚ್ಚಿಸುತ್ತಿದ್ದಳು. ತನ್ನೊಳಗಿನ ಅನುಮಾನದ ಬಾಯಿ ಮುಚ್ಚಿಸಲಾಗಿರಲಿಲ್ಲ.

"ಗಿರಣಿ ಒಳಗೆ ಹೋಗ್ತಿರೋರ ಚಿತ್ರದಲ್ಲಿ ಅವರಿದ್ರೆ?"

"ಇದ್ರೆ ನಿಂತು ಬೈದು ಬರೋಣ. ನಮ್ಮಣ್ಣನಿಗೇನು, ನಿನ್ನ ಬೈಗುಳ ಹೊಸದಾ?"

ಅತ್ತಿಗೆ ನಕ್ಕು ಎದ್ದಳು.

ಮೊದಲ ಕೋಣೆಯಲ್ಲಿ ಲಾಠಿಗಳು, ಒಡೆದ ತಲೆಗಳು, ಪೊಲೀಸರ ನಡುವೆ ತಲೆ ತಗ್ಗಿಸಿ ಕೆಲಸಕ್ಕೆ ಹೋಗುವವರ ಸಾಲು. ಅತ್ತಿಗೆ ಒಂದೊಂದು ಮುಖಕ್ಕೂ ಮೂಗು ತಾಗುವಷ್ಟು ಬಾಗಿದಳು.

"ಅಮ್ಮಾ, ಸ್ವಲ್ಪ ಹಿಂದೆ ನಿಂತ್ಕೊಳ್ಳಿ," ಎಂದ ಕಾವಲಿನವನು.

"ಗಂಡನ್ನ ಹುಡುಕ್ತಿದ್ದಾಳಪ್ಪ. ಹಿಂದೆ ನಿಂತ್ರೆ ಹೆಂಗೆ ಕಾಣ್ತಾನೆ?" ಎಂದಳು ನಾದಿನಿ.

ಆ ಸಾಲಿನಲ್ಲಿ ಅವನಿರಲಿಲ್ಲ.

ಎರಡನೆಯ ಕೋಣೆಯ ಮೂಲೆಯಲ್ಲೊಂದು ಸಣ್ಣ ಚಿತ್ರ. ಕಿಟಕಿಗೆ ಕಂಬಳಿ ಕಟ್ಟಿದ ಅಡುಗೆಮನೆ. ಹಂಡೆ ತುಂಬ ನೀಲಿ. ಅದರೊಳಗೆ ಮೊಣಕೈವರೆಗೆ ಕೈಯಿಳಿಸಿ ಬಟ್ಟೆ ಅದ್ದುತ್ತಿರುವವನಿಗೆ ಎಡಗಿವಿ ಅರ್ಧವೇ ಇತ್ತು. ಅತ್ತಿಗೆಯ ಗಂಡನದೇ ಕಿವಿ; ಉಳಿದರ್ಧವನ್ನು ಗಿರಣಿಯ ಯಂತ್ರ ತಿಂದಿತ್ತು. ತಲೆಯ ಮೇಲಿನ ಹಗ್ಗದಲ್ಲಿ ಮುಷ್ಕರದ ನೀಲಿ ಬಾವುಟಗಳು ಒಣಗುತ್ತಿದ್ದವು.

"ಬಾವುಟ ಪಕ್ಕದೂರಿಂದ ಬಂತು ಅಂದಿದ್ರಲ್ಲೇ," ಎಂದಳು ಅತ್ತಿಗೆ.

ನಾದಿನಿ ಚಿತ್ರದ ಗೋಡೆಯ ಮೊಳೆ ತೋರಿಸಿದಳು. ಅಲ್ಲಿ ಬಿಳಿ ಪಟ್ಟಿಯ ಟೋಪಿ ತೂಗುತ್ತಿತ್ತು. "ಆ ಟೋಪಿ ನೋಡು. ಮಾಲೀಕನ ಡ್ರೈವರ್‌ದು. ಅವನ ಮನೆ ಇದು. ಅಣ್ಣ ಬಾಯಿ ಬಿಟ್ಟಿದ್ರೆ ಅವನ ಕೆಲಸ ಹೋಗಿ ಆ ಸಂಸಾರ ಬೀದಿಗೆ ಬೀಳ್ತಿತ್ತು."

ಅತ್ತಿಗೆ ಬೆಂಚಿನ ಮೇಲೆ ಕೂತಳು. ಎಷ್ಟೋ ವರ್ಷ ಎದೆಯ ಮೇಲಿದ್ದ ಕಲ್ಲು ಇಳಿದಂತೆ ಉದ್ದನೆಯ ಉಸಿರು ಬಂತು.

"ಮೂಗ. ನನ್ನ ಹತ್ರನಾದ್ರೂ ಹೇಳ್ಬಾರದಿತ್ತಾ?"

"ನಿನಗೆ ಹೇಳಿದ್ರೆ, ಬಾವುಟ ಒಣಗೋ ಮುಂಚೆ ಊರಿಗೆಲ್ಲ ಗೊತ್ತಾಗಿರೋದು."

ಇಬ್ಬರೂ ಕಣ್ಣೊರೆಸಿಕೊಂಡು ನಕ್ಕರು. ಹಿತ್ತಾಳೆಯ ಹೆಸರಿನ ಕೆಳಗೆ ಹೊರಬರುವಾಗ ಅತ್ತಿಗೆ ತಲೆಯೆತ್ತಿಯೂ ನೋಡಲಿಲ್ಲ.

"ಅವರನ್ನ ಬಾಲ ಅಂದ ಆ ಸೈರನ್ ಬದುಕಿದ್ದಾನಾ?"

"ಇದ್ದಾನೆ. ಕಿವಿ ಪೂರ್ತಿ ಹೋಗಿದೆ."

"ಕಣ್ಣಿದೆಯಲ್ಲ. ನಾಳೆ ಕರ್ಕೊಂಡು ಬರೋಣ."